ಗ್ಯಾಸ್ ಬಾವಿಯ ನೆರೆಯಲ್ಲಿ ಒಂದು ಲೋಟ ನೀರು

ವುಡ್‌ರಿಡ್ಜ್

ಯಾವ ಊರಿಗೆ ಹೋದರೂ ನಾನು ಮೊದಲು ಮಾಡುವ ಕೆಲಸ ಅಲ್ಲಿನ ನೀರು ಕುಡಿದು ನೋಡುವುದು. ದಾವಣಗೆರೆಯ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳಿಗೆ ಬೇರೆ ಚಟ ಇರಲು ಹೇಗೆ ಸಾಧ್ಯ? ಫ್ಲೋರೈಡು, ನೈಟ್ರೇಟು, ಗಡಸುತನ ಎಂದು ಜೀವಮಾನವೆಲ್ಲ ಸೀಸೆಗಳ ನಡುವೆ ಕಳೆದಿದ್ದೇನೆ. ಶಿಕಾಗೋ ಹೊರವಲಯದ ವುಡ್‌ರಿಡ್ಜ್‌ನಲ್ಲಿರುವ ತಂಗಿ ಸುಮಿತ್ರಾಳ ಮನೆಗೆ ಕಾಲಿಟ್ಟ ಹತ್ತು ನಿಮಿಷಕ್ಕೆ ಅಡುಗೆಮನೆಯ ನಲ್ಲಿ ತಿರುಗಿಸಿ ಒಂದು ಲೋಟ ನೀರು ಹಿಡಿದೆ. ಸ್ವಲ್ಪ ಕ್ಲೋರಿನ್ ವಾಸನೆ ಬಿಟ್ಟರೆ ತೊಂದರೆಯಿಲ್ಲದ ನೀರು. ಮಿಷಿಗನ್ ಸರೋವರದಿಂದ ಬರುತ್ತದಂತೆ.

“ಅಕ್ಕಾ, ಬೇರೆಯವ್ರು ಇಲ್ಲಿಗೆ ಬಂದ್ರೆ ಮಾಲ್ ನೋಡ್ತಾರೆ, ನೀನು ನಲ್ಲಿ ನೋಡ್ತಿದೀಯ,” ಎಂದು ಸುಮಿತ್ರಾ ನಕ್ಕಳು.

ನಗಲಿ. ನನ್ನ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ನೀರು ಪರೀಕ್ಷೆಯ ಪುಟ್ಟ ಪೆಟ್ಟಿಗೆಯೂ ಇತ್ತು. ವಿಮಾನ ನಿಲ್ದಾಣದ ಅಧಿಕಾರಿಯೊಬ್ಬ ಅದರೊಳಗಿನ ಹನಿ ಹಾಕುವ ಸೀಸೆಗಳನ್ನು ಎತ್ತಿ ಹಿಡಿದು ಇದೇನೆಂದು ಕೇಳಿದ್ದ. ನನ್ನ ಇಂಗ್ಲಿಷಿನಲ್ಲಿ ಗಡಸು ನೀರಿನ ಬಗ್ಗೆ ಅವನಿಗೆ ಸಣ್ಣ ಪಾಠವನ್ನೇ ಮಾಡಿದೆ. ಐದು ನಿಮಿಷಕ್ಕೆ ಸಾಕಾಗಿ, ಹೋಗಿ ಎಂದು ಕೈ ಬೀಸಿದ.

ಪೆಟ್ಟಿಗೆ ತರಲು ಕಾರಣ ನಸೀಮಾ. ಬಿ.ಎಸ್ಸಿ.ಯಲ್ಲಿ ನಾನು, ಅವಳು ರಸಾಯನಶಾಸ್ತ್ರದ ಪ್ರಾಕ್ಟಿಕಲ್ಸಿಗೆ ಒಂದೇ ಮೇಜು. ಹರಿಹರದ ಹುಡುಗಿ. ಮದುವೆಯಾದ ಮೇಲೆ ಗಂಡ ಇಕ್ಬಾಲರ ಜೊತೆ ಮಿಷಿಗನ್ನಿಗೆ ಬಂದವಳು ಇಲ್ಲೇ ನೆಲೆ ನಿಂತಳು. ಡೆಟ್ರಾಯಿಟ್ ಪಕ್ಕದಲ್ಲಿ ಅವರದು ಕಾರಿನ ಬಿಡಿಭಾಗಗಳ ಅಂಗಡಿ. ನಾನು ಹೊರಡುವ ಮೊದಲೇ ಫೋನ್ ಮಾಡಿ ಅಪ್ಪಣೆ ಹೊರಡಿಸಿದ್ದಳು.

“ವಿಜಿ, ನಿನ್ ಸಾಮಾನು ತಗಂಡು ಬಾ. ಇಲ್ಲಿ ನಿನ್ನಿಂದ ಒಂದ್ ಕೆಲ್ಸ ಆಗ್ಬೇಕೈತಿ.”

“ನಿಮ್ ಅಮೇರಿಕಾದಾಗೆ ನನ್ ಕೈಲಿ ಏನಾಗ್ಬೇಕೇ?”

“ಉತ್ತರದ ಕಡೆ ಒಂದ್ ಸಣ್ ಮನೆ ತಗಂಡೀವಿ ಅಂದಿದ್ನಲ್ಲ, ಅಲ್ಲಿ ನೀರು ನಮ್ ಸ್ವಂತ ಬೋರಿಂದು. ಈಗ ಅರ್ಧ ಮೈಲಿ ಆಚಿಗೆ ಗ್ಯಾಸಿಗೆ ಬಾವಿ ಕೊರೀತಾರಂತೆ. ಫ್ರ್ಯಾಕಿಂಗು. ಅವ್ರು ಶುರು ಮಾಡೋಕ್ ಮುಂಚೆ ನಮ್ ನೀರು ಹೆಂಗೈತಿ ಅಂತ ನೋಡಿ ಬರ್ದು ಕೊಡು. ಆಮೇಲೆ ಕೆಟ್ರೆ ಯಾರ್ ನಂಬ್ತಾರೆ?”

ನಾನು ಗಟ್ಟಿಯಾಗಿ ನಕ್ಕುಬಿಟ್ಟಿದ್ದೆ. ಫ್ರ್ಯಾಕಿಂಗ್ ಎಂದರೆ ನಮಗೆ ಹೊಸದೇ? ನಮ್ಮ ಕಡೆ ಹ್ಯಾಂಡ್ ಪಂಪು ಬತ್ತಿದರೆ ಇಲಾಖೆಯ ಗಾಡಿ ಬಂದು, ಕೊಳವೆಬಾವಿಯೊಳಗೆ ರಬ್ಬರಿನ ಬಿರಡೆ ಇಳಿಸಿ, ಅದರ ಕೆಳಗೆ ಜೋರಾದ ಒತ್ತಡದಲ್ಲಿ ನೀರು ನುಗ್ಗಿಸುತ್ತಿತ್ತು. ಬಂಡೆಯ ಸಂದುಗಳು ಬಿಟ್ಟುಕೊಂಡು ಮತ್ತೆ ನೀರು ಬರುತ್ತಿತ್ತು. ಬಂದಾಗ ಊರವರು ಗಾಡಿಗೇ ಕುಂಕುಮ ಹಚ್ಚುತ್ತಿದ್ದರು. “ಅದಕ್ಕೆ ಹೈಡ್ರೋಫ್ರ್ಯಾಕ್ಚರಿಂಗ್ ಅಂತಾರೆ, ಹೆದರೋದು ಏನೂ ಇಲ್ಲ,” ಎಂದು ಏಳು ಸಮುದ್ರದಾಚೆಯಿಂದಲೇ ಧೈರ್ಯ ಹೇಳಿದ್ದೆ. ಗೊತ್ತಿರುವವಳ ಧೈರ್ಯ ನೋಡಿ.

ಬಿಳಿ ಮರಳು

ಶನಿವಾರ ಸುಮಿತ್ರಾ ನನ್ನನ್ನೂ ಮಗಳನ್ನೂ ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ದರ್ಶನವಾಗಿ, ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿಂದ ಮೇಲೆ ಅವಳ ಮಗಳು ಅನಘಾ, “ದೊಡ್ಡಮ್ಮ, ಡು ಯು ವಾಂಟ್ ಟು ಸೀ ಸಮ್‌ಥಿಂಗ್?” ಎಂದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಎರಡು ದಿನಕ್ಕೆ ನಮ್ಮಿಬ್ಬರಿಗೂ ಅದು ಅಭ್ಯಾಸವಾಗಿ ಹೋಗಿತ್ತು.

ನೈಋತ್ಯಕ್ಕೆ ಒಂದು ಗಂಟೆ ಓಡಿದ ಕಾರು ಜೋಳದ ಹೊಲಗಳ ನಡುವೆ ಒಂದು ತಂತಿಬೇಲಿಯ ಪಕ್ಕ ನಿಂತಿತು. ಬೇಲಿಯಾಚೆ ಬಿಳಿ ಗುಡ್ಡಗಳು. ಉಪ್ಪೋ ಸಕ್ಕರೆಯೋ ಎನ್ನಬೇಕು, ಅಷ್ಟು ಬಿಳುಪು. ಅದು ಮರಳು. ಪಕ್ಕದ ರೈಲು ಹಳಿಯ ಮೇಲೆ ಮುಚ್ಚಳದ ಬೋಗಿಗಳು ಸಾಲಾಗಿ ನಿಂತಿದ್ದವು. ಬೇಲಿಯ ಬುಡದಲ್ಲಿ ಚೆಲ್ಲಿದ್ದ ಚಿಟಿಕೆ ಮರಳನ್ನು ಅಂಗೈಗೆ ಹಾಕಿಕೊಂಡು ನೋಡಿದೆ. ಒಂದೊಂದು ಕಾಳೂ ರಾಗಿಯ ಹಾಗೆ ದುಂಡಗೆ, ನಮ್ಮ ತುಂಗಭದ್ರೆಯ ಮರಳಿನಂತೆ ಮೂಲೆ ಮೂಲೆಯಲ್ಲ.

ಇದು ಗ್ಯಾಸ್ ಬಾವಿಗೆ ಹೋಗುವ ಮರಳು ಎಂದಳು ಅನಘಾ. ಫೋನಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದಳು. ಸಾವಿರಾರು ಅಡಿ ಕೆಳಕ್ಕೆ ಕೊರೆದ ಬಾವಿ ಅಲ್ಲಿ ಅಡ್ಡ ತಿರುಗಿ, ಶೇಲ್ ಎಂಬ ಪದರಪದರದ ಕಪ್ಪು ಕಲ್ಲಿನೊಳಗೆ ಮಲಗಿದ ಹಾಗೆ ಉದ್ದಕ್ಕೆ ಸಾಗುತ್ತದೆ. ಆ ಕಲ್ಲಿನ ತುಂಬ ಗ್ಯಾಸ್ ಸಿಕ್ಕಿಕೊಂಡಿದೆ, ಆದರೆ ಹೊರಬರಲು ದಾರಿಯಿಲ್ಲ. ಅಲ್ಲಿಗೆ ನೀರು, ಮರಳು, ಒಂದಷ್ಟು ರಾಸಾಯನಿಕ ಕಲಸಿ ಭಾರೀ ಒತ್ತಡದಲ್ಲಿ ನುಗ್ಗಿಸುತ್ತಾರೆ. ಕಲ್ಲು ಕೂದಲೆಳೆಯಷ್ಟು ಬಿರಿಯುತ್ತದೆ. ಒತ್ತಡ ಬಿಟ್ಟರೆ ಬಿರುಕು ಮತ್ತೆ ಮುಚ್ಚಿಕೊಳ್ಳಬೇಕು, ಆದರೆ ಒಳಗೆ ಹೊಕ್ಕ ಈ ದುಂಡು ಮರಳು ಮುಚ್ಚಲು ಬಿಡುವುದಿಲ್ಲ. ಆ ಸಂದಿನಿಂದ ಗ್ಯಾಸು ಮೇಲಕ್ಕೆ ಬರುತ್ತದೆ. ಜೊತೆಗೆ ನುಗ್ಗಿಸಿದ ನೀರಲ್ಲಿ ಒಂದು ಪಾಲು, ಕೆಳಗಿನ ಉಪ್ಪು, ಇನ್ನೂ ಏನೇನನ್ನೋ ಹೊತ್ತು ವಾಪಸು ಬರುತ್ತದೆ.

“ವಾಪಸ್ ಬಂದ ನೀರನ್ನ ಏನ್ ಮಾಡ್ತಾರೆ?”

“ದೇ ಪಂಪ್ ಇಟ್ ಇನ್‌ಟು ಅನದರ್ ಡೀಪ್ ವೆಲ್, ದೊಡ್ಡಮ್ಮ. ಮೋಸ್ಟ್‌ಲಿ.”

ನಮ್ಮೂರಿನಲ್ಲಿ ಹೊಳೆಯ ಮರಳನ್ನು ಎತ್ತಿ ಲಾರಿಗೆ ತುಂಬಿ ಮನೆ ಕಟ್ಟುತ್ತಾರೆ, ಅದಕ್ಕಾಗಿ ಜಗಳ ಕೋರ್ಟಿನವರೆಗೂ ಹೋಗಿದೆ. ಇಲ್ಲಿ ಮರಳನ್ನು ಅಗೆದು, ತೊಳೆದು, ರೈಲಿನಲ್ಲಿ ಕಳಿಸಿ, ಇನ್ನೊಂದು ರಾಜ್ಯದ ನೆಲದೊಳಗೆ ಮತ್ತೆ ಹೂಳುತ್ತಾರೆ. ನಮ್ಮ ಇಲಾಖೆಯ ಗಾಡಿ ಬರೀ ನೀರನ್ನು ಒತ್ತುತ್ತಿತ್ತು, ಅದೂ ಕುಡಿಯುವ ನೀರಿಗಾಗಿ. ಇದು ಬೇರೆಯದೇ ಕಾರುಬಾರು ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆ ಬೇಲಿಯ ಪಕ್ಕ ನಿಂತಾಗ. ಫೋನಿನಲ್ಲಿ ನಕ್ಕಿದ್ದು ನೆನಪಾಗಿ ಮುಜುಗರವಾಯಿತು.

ನಾರ್ತ್‌ವಿಲ್

ಗುರುವಾರ ಅನಘಾಳೇ ನನ್ನನ್ನು ಕಾರಿನಲ್ಲಿ ನಸೀಮಾಳ ಊರಿಗೆ ಕರೆದೊಯ್ದಳು. ಅವಳಿಗೆ ನಾಲ್ಕು ದಿನ ರಜೆ. ಮಿಷಿಗನ್ ಸರೋವರದ ದಕ್ಷಿಣ ತುದಿ ಬಳಸಿಕೊಂಡು ಐದು ಗಂಟೆಯ ದಾರಿ. ನಡುವೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆಂದು ಯಾರಿಗೂ ನೆನಪಿರಲಿಲ್ಲ. ಊಟಕ್ಕೆ ಬರುತ್ತೇವೆ ಅಂದವರು ಕಾಫಿಯ ಹೊತ್ತಿಗೆ ತಲುಪಿದೆವು. ನಸೀಮಾ ಬಾಗಿಲಲ್ಲೇ ನಿಂತಿದ್ದಳು. ಕೂದಲು ಬೆಳ್ಳಗಾಗಿದೆ, ಬೈಗುಳ ಮಾತ್ರ ಹಳೆಯದೇ. “ಬಿರಿಯಾನಿ ಆರಿ ಅಕ್ಕಿಯಾತು ನೋಡು, ಈಗ ಬಂದಾಳ ಮಹಾರಾಣಿ,” ಎಂದು ತಬ್ಬಿಕೊಂಡಳು.

ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಹ ಮನೆಗಳ ಬಡಾವಣೆ ಅದು. ಅಕ್ಕಪಕ್ಕದಲ್ಲಿ ನಮ್ಮವರ ಮನೆಗಳು ಎಷ್ಟಿವೆಯೆಂದರೆ ಸಂಜೆ ಒಗ್ಗರಣೆಯ ವಾಸನೆ ಬೀದಿಯಲ್ಲೇ ಸಿಗುತ್ತದೆ. ಈ ಮನೆಯನ್ನೂ ಅಂಗಡಿಯನ್ನೂ ಮಾರಿ, ವಸಂತ ಬರುವಷ್ಟರಲ್ಲಿ ಉತ್ತರದ ಆ ಸಣ್ಣ ಮನೆಯಲ್ಲಿ ನೆಲೆಸುವುದು ಗಂಡಹೆಂಡಿರ ಲೆಕ್ಕಾಚಾರ. ಇಕ್ಬಾಲರಿಗೆ ಎರಡು ಸಲ ಹೃದಯದ ಚಿಕಿತ್ಸೆಯಾಗಿದೆ. ಉಳಿದ ಆಯುಷ್ಯ ಮೀನು ಹಿಡಿಯುತ್ತ, ಟೊಮೆಟೊ ಬೆಳೆಯುತ್ತ ಕಳೆಯಬೇಕೆಂಬ ಆಸೆ ಅವರದು.

ಅವರು ನನಗೆ ಒಂದು ಕಾಗದ ತೋರಿಸಿದರು. ಗ್ಯಾಸ್ ಕಂಪನಿಯದು. ಒಕ್ಕಣೆ ಬಹಳ ವಿನಯದ್ದು.

“ಮೇಡಂ, ನಂಗೆ ಇದು ಗೊತ್ತೇ ಇರ್ಲಿಲ್ಲ ನೋಡ್ರಿ. ಮೂರ್ ಎಕರೆ ತಗಂಡ್ವಿ. ಮೇಲಿನ ನೆಲ ಅಷ್ಟೇ ನಮ್ದಂತೆ. ಕೆಳಗಿನ ಗ್ಯಾಸು ಯಾವ್ದೋ ಕಾಲ್ದಾಗೆ ಯಾರಿಗೋ ಬರ್ದು ಕೊಟ್ಟುಬಿಟ್ಟಾರೆ. ನಮ್ ನೆಲದ ಅಡಿಗೆ ಹಾಸಿ ಅವ್ರ ಪೈಪು ಹೋಗುತ್ತೆ. ಬ್ಯಾಡ ಅನ್ನಂಗಿಲ್ಲ.”

“ನೀರು?”

“ನೀರು ನಮ್ದೇ. ಅದ್ಕೇ ಅಲ್ವಾ ನಿಮ್ಮನ್ನ ಕರ್ಸಿದ್ದು.”

ನೆಲವನ್ನು ಹಾಳೆ ಹಾಳೆಯಾಗಿ ಬಿಡಿಸಿ ಬೇರೆ ಬೇರೆಯವರಿಗೆ ಹಂಚಬಹುದೆಂಬುದು ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮಲ್ಲೂ ಕೆಳಗಿನ ಅದಿರು ಸರ್ಕಾರದ್ದೇ ಸರಿ. ಆದರೂ ಮನೆ ಕೊಂಡವನ ಮನಸ್ಸಿನಲ್ಲಿ ನೆಲವೆಂದರೆ ಪಾತಾಳದವರೆಗೂ ತನ್ನದೇ.

ಉತ್ತರಕ್ಕೆ

ಶುಕ್ರವಾರ ನಾಲ್ವರೂ ಹೊರಟೆವು. ದಾರಿಯ ಪೆಟ್ರೋಲ್ ಬಂಕಿನಲ್ಲಿ ಕಾಫಿ ಕೊಟ್ಟ ಹೆಂಗಸು ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಕೇಳಿದಳು. ನಾನು ಊರಿನ ಹೆಸರನ್ನು ತಪ್ಪಾಗಿ ಹೇಳಿದೆ. ಅವಳು ತಕ್ಷಣ ಬಲಗೈ ಎತ್ತಿ, ಬೆರಳು ಜೋಡಿಸಿ, ಅಂಗೈ ನನ್ನ ಕಡೆ ಹಿಡಿದು, “ಇಲ್ಲಿಗೋ? ಇಲ್ಲಿಗೋ?” ಎಂದು ಬೆರಳ ತುದಿಯ ಹತ್ತಿರ ಒತ್ತಿ ತೋರಿಸಿದಳು. ಮಿಷಿಗನ್ನಿನ ಆಕಾರ ಕೈಗವಸಿನಂತೆ ಇರುವುದರಿಂದ ಇಲ್ಲಿನವರು ಅಂಗೈಯನ್ನೇ ನಕ್ಷೆ ಮಾಡಿಕೊಂಡಿದ್ದಾರೆ. ನಾನೂ ಕೈ ಎತ್ತಿ ನಡುಬೆರಳಿನ ಉಗುರಿನಿಂದ ಸ್ವಲ್ಪ ಕೆಳಗೆ ತೋರಿಸಿದೆ. ಆಕೆಗೆ ಸಂತೋಷವಾಯಿತು.

ಅಕ್ಟೋಬರ್ ತಿಂಗಳು. ಎರಡೂ ಕಡೆ ಮೇಪಲ್ ಮರಗಳು ಅರಿಶಿನ ಕುಂಕುಮದ ಬಣ್ಣಕ್ಕೆ ತಿರುಗಿದ್ದವು. ಮನೆ ಚಿಕ್ಕದು, ಮರದ್ದು. ಹಿಂದೆ ಪೈನ್ ಮರಗಳ ಸಾಲು. ಅದರಾಚೆ ಮರ ಕಡಿದು ಸಮತಟ್ಟು ಮಾಡಿದ ಜಾಗ, ಅಲ್ಲಿ ಲಾರಿಗಳು. ಕೊರೆಯುವ ಗೋಪುರ ಇನ್ನೂ ಎದ್ದಿರಲಿಲ್ಲ. ಮುಂದಿನ ವಾರ ಬರುತ್ತದೆ ಎಂದರು ಇಕ್ಬಾಲ್. ಹೇಳುವಾಗ ಆ ಕಡೆ ನೋಡಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ನನ್ನ ಪೆಟ್ಟಿಗೆ ಬಿಚ್ಚಿದೆ. ಈಗ ನನ್ನ ಶಿಸ್ತು ನೋಡಬೇಕಿತ್ತು ನೀವು. ಯಾರಿಗೂ ಸೀಸೆ ಮುಟ್ಟಲು ಬಿಡಲಿಲ್ಲ. ಗಡಿಯಾರ ನೋಡಿಕೊಂಡು ಐದು ನಿಮಿಷ ನಲ್ಲಿ ಬಿಟ್ಟೆ. ಅದೇ ನೀರಿನಿಂದ ಸೀಸೆಯನ್ನು ಮೂರು ಸಲ ಗಲಬರಿಸಿದೆ. ನಮ್ಮ ಪ್ರಯೋಗಾಲಯದ ರೂಢಿಯಂತೆ ಮೇಲೆ ಒಂದು ಬೆರಳು ಜಾಗ ಬಿಟ್ಟು ಮುಚ್ಚಳ ಬಿಗಿದೆ. ಗಡಸುತನಕ್ಕೆ ಬಣ್ಣದ ಪುಡಿ ಹಾಕಿದರೆ ನೀರು ಕೆಂಪಗಾಗಬೇಕು, ಆಮೇಲೆ ಹನಿ ಹನಿಯಾಗಿ ದ್ರಾವಣ ಬಿಟ್ಟು ನೀಲಿಗೆ ತಿರುಗುವವರೆಗೆ ಎಣಿಸಬೇಕು. ಇಲ್ಲಿ ಪುಡಿ ಬಿದ್ದ ಕೂಡಲೇ ನೀರು ನೀಲಿಯಾಯಿತು. ಎಣಿಸಲು ಹನಿಯೇ ಬೇಕಾಗಲಿಲ್ಲ.

“ಮಳೆ ನೀರು ಕಣೇ ಇದು!” ಎಂದು ಕೂಗಿದೆ. “ನಮ್ಮ ಜಗಳೂರು ಕಡೆಯವ್ರು ಇಂಥಾ ನೀರನ್ನ ಕನಸಲ್ಲೂ ಕಂಡಿಲ್ಲ.”

“ಅದ್ಕೇ ಇಲ್ಲಿ ಬ್ಯಾಳಿ ಒಂದೇ ಕೂಗಿಗೆ ಬೇಯ್ತತಿ,” ಎಂದಳು ನಸೀಮಾ ಹೆಮ್ಮೆಯಿಂದ.

ಗಡಸು ನೀರಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿದ್ದ ವಿಷಯ. ಕಬ್ಬಿಣವಿಲ್ಲ, ನೈಟ್ರೇಟಿಲ್ಲ, ವಾಸನೆಯಿಲ್ಲ. ನಾನು ಬಿಳಿ ಹಾಳೆಯಲ್ಲಿ ಅಚ್ಚುಕಟ್ಟಾಗಿ ಎಲ್ಲ ಬರೆದು, ದಿನಾಂಕ ಹಾಕಿ, ಕೆಳಗೆ ನಿವೃತ್ತ ಹಿರಿಯ ವಿಶ್ಲೇಷಕಿ ಎಂದು ಸಹಿ ಮಾಡಿ ಕೊಟ್ಟೆ. ಇಕ್ಬಾಲ್ ಅದನ್ನು ಎರಡು ಸಲ ಓದಿ, ಮಡಿಸದೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬೀರುವಿಗೆ ಸೇರಿಸಿದರು. ಆ ಸಂಜೆ ಅವರು ಹಳೆಯ ದಾವಣಗೆರೆಯ ಬೆಣ್ಣೆದೋಸೆ ಹೋಟೆಲುಗಳ ಕಥೆ ಹೇಳಿ ನಮ್ಮನ್ನೆಲ್ಲ ನಗಿಸಿದರು.

ನನ್ನ ಕೈಕೆಳಗೆ ಹೊಸದಾಗಿ ಸೇರಿದ ಹುಡುಗಿ ಯಾರಾದರೂ ಬೋರ್‌ವೆಲ್ಲಿನ ನೀರು ಎಂದು ಗಡಸುತನ ಸೊನ್ನೆ ಇರುವ ಸೀಸೆ ತಂದಿದ್ದರೆ, ಎಲ್ಲಿಂದ ತಂದೆ, ಸುಳ್ಳು ಹೇಳಬೇಡ ಎಂದು ಬೈದು ವಾಪಸು ಕಳಿಸುತ್ತಿದ್ದೆ. ನನಗೆ ಬೈಯಲು ಅಲ್ಲಿ ಯಾರೂ ಇರಲಿಲ್ಲ.

ನೆಲಮಾಳಿಗೆ

ಮರುದಿನ ಬೆಳಿಗ್ಗೆ ನಸೀಮಾ, ಇಕ್ಬಾಲ್ ಸಾಮಾನು ತರಲು ಪೇಟೆಗೆ ಹೋಗಿದ್ದರು. ಮನೆಯಲ್ಲಿ ನಾನು, ಅನಘಾ ಇಬ್ಬರೇ. ಆಗ ಡೇಲ್ ಎಂಬಾತ ಬಂದ. ಎಪ್ಪತ್ತು ದಾಟಿದ ಮನುಷ್ಯ, ಅಪ್ಪನ ಕಾಲದಿಂದ ಈ ಸುತ್ತಿನಲ್ಲಿ ಕುಡಿಯುವ ನೀರಿನ ಬಾವಿ ಕೊರೆಯುವುದೇ ಕಸುಬು. ಚಳಿಗಾಲಕ್ಕೆ ಮುಂಚೆ ಪಂಪು ನೋಡಿ ಹೋಗಲು ಇಕ್ಬಾಲ್ ಕರೆಸಿದ್ದರು. ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಒಳಗೆ ಬಂದದ್ದು ನೋಡಿ ನನಗೆ ಅವನ ಮೇಲೆ ಆಗಲೇ ಗೌರವ ಹುಟ್ಟಿತು.

ನಾನೂ ನೀರಿನವಳೇ ಎಂದು ಪರಿಚಯ ಹೇಳಿಕೊಂಡು ನನ್ನ ಫಲಿತಾಂಶ ವಿವರಿಸಿದೆ. ಅವನು ಕೇಳಿಸಿಕೊಂಡು, ಯಾವ ನಲ್ಲಿಯಿಂದ ಹಿಡಿದಿರಿ ಎಂದು ಮೆಲ್ಲಗೆ ಕೇಳಿದ. ಅಡುಗೆಮನೆಯದು ಎಂದೆ. ಅವನು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. “ಬನ್ನಿ,” ಎಂದು ನೆಲಮಾಳಿಗೆಗೆ ಕರೆದುಕೊಂಡು ಹೋದ.

ಮೆಟ್ಟಿಲ ಕೆಳಗೆ ಉಪ್ಪಿನ ಮೂಟೆಗಳಿದ್ದವು. ಹಿಂದಿನ ದಿನವೇ ನೋಡಿದ್ದೆ. ಹಿಮ ಬಿದ್ದಾಗ ದಾರಿಗೆ ಉಪ್ಪು ಎರಚುತ್ತಾರೆಂದು ಕೇಳಿದ್ದೆನಲ್ಲ, ಅದಕ್ಕೇ ಇಟ್ಟಿದ್ದಾರೆಂದು ಅಂದುಕೊಂಡಿದ್ದೆ. ಡೇಲ್ ಆ ಮೂಟೆಗಳ ಪಕ್ಕದ ಎತ್ತರದ ಡಬ್ಬಿಯ ಮೇಲೆ ಕೈಯಿಟ್ಟು, ಇದು ಸಾಫ್ಟ್‌ನರ್, ಉಪ್ಪು ಇದಕ್ಕೆ ಎಂದ. ಬಾವಿಯ ನೀರು ಇದರೊಳಗೆ ಹಾದು, ಗಡಸೂ ಕಬ್ಬಿಣವೂ ಇಲ್ಲೇ ಉಳಿದು, ಪಕ್ಕದ ಇದ್ದಿಲ ಫಿಲ್ಟರಿನಲ್ಲಿ ವಾಸನೆಯೂ ಕಳೆದು, ಮೆದುವಾಗಿ ಅಡುಗೆಮನೆಗೆ ಏರುತ್ತದೆ. ನಾನು ಪರೀಕ್ಷೆ ಮಾಡಿದ್ದು ಬಾವಿಯನ್ನಲ್ಲ, ಈ ಡಬ್ಬಿಯನ್ನು. ಇದರ ಸೂತ್ರವನ್ನು ನಾನು ಬಿ.ಎಸ್ಸಿ.ಯಲ್ಲಿ ಬಾಯಿಪಾಠ ಮಾಡಿದ್ದೆ, ತರಬೇತಿಗೆ ಬಂದವರಿಗೆ ಕರಿಹಲಗೆಯ ಮೇಲೆ ಬರೆದು ಕಲಿಸಿದ್ದೆ. ಆದರೆ ನಮ್ಮ ಕಡೆ ಮಾದರಿ ಹಿಡಿಯುವುದೆಂದರೆ ಬೋರ್‌ವೆಲ್ಲಿನ ಬಾಯಿಗೇ ಸೀಸೆ ಒಡ್ಡುವುದು. ನೀರಿಗೂ ನಲ್ಲಿಗೂ ನಡುವೆ ಮನೆಯ ಹೊಟ್ಟೆಯಲ್ಲೊಂದು ಯಂತ್ರ ಕೂತಿರುತ್ತದೆಂದು ನನಗೆ ಹೊಳೆಯಲೇ ಇಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ.

ಡೇಲ್ ಸಾಫ್ಟ್‌ನರಿಗಿಂತ ಮುಂಚಿನ ಸಣ್ಣ ನಲ್ಲಿಯೊಂದನ್ನು ತಿರುಗಿಸಿ ಗಾಜಿನ ಲೋಟ ತುಂಬಿಸಿದ. ಕೊಳೆತ ಮೊಟ್ಟೆಯ ವಾಸನೆ. ನೀರು ಹಾಲಿನಂತೆ ಬೆಳ್ಳಗಿತ್ತು. ಲೋಟವನ್ನು ದೀಪಕ್ಕೆ ಹಿಡಿದು ಕಾಯಲು ಸನ್ನೆ ಮಾಡಿದ. ತಳದಿಂದ ಮೇಲಕ್ಕೆ ನಿಧಾನವಾಗಿ ತಿಳಿಯಾಗುತ್ತ ಬಂತು. ಸಣ್ಣ ಸಣ್ಣ ಗುಳ್ಳೆಗಳು ಮೇಲೆ ಬಂದು ಒಡೆದವು.

ಗಾಳಿಯಿರಬಹುದು, ಗ್ಯಾಸಿರಬಹುದು, ಕಣ್ಣಿಗೆ ಗೊತ್ತಾಗುವುದಿಲ್ಲ ಎಂದ ಡೇಲ್. ಈ ಸುತ್ತಿನ ಕೆಲವು ಬಾವಿಗಳಲ್ಲಿ ಗ್ಯಾಸು ಮೊದಲಿನಿಂದಲೂ ಇದೆ, ಯಾರೂ ಕೊರೆಯುವ ಮುಂಚಿನಿಂದ. ಅಪ್ಪನ ಕಾಲದಲ್ಲೇ ನೋಡಿದ್ದಾನಂತೆ.

ರಟ್ಟಿನ ಡಬ್ಬವೊಂದರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಿದ. ಮೇಲೆ ನಮ್ಮ ಕುಡಿಯುವ ನೀರು. ಅದರ ಎಷ್ಟೋ ಪಟ್ಟು ಕೆಳಗೆ ಗ್ಯಾಸಿನ ಕಲ್ಲು. ಅಷ್ಟು ಕೆಳಗಿನ ಬಿರುಕು ಇಲ್ಲಿಯವರೆಗೆ ಏರಿ ಬರುತ್ತದೆಂದು ಜನ ಹೆದರುತ್ತಾರೆ, ನನಗೆ ಅದರ ಹೆದರಿಕೆ ಕಡಿಮೆ ಎಂದ. ಗ್ಯಾಸಿನ ಪೈಪು ನಮ್ಮ ನೀರಿನ ಪದರವನ್ನು ತೂರಿಕೊಂಡೇ ಕೆಳಗಿಳಿಯಬೇಕು. ಅಲ್ಲಿ ಪೈಪಿನ ಸುತ್ತ ಸಿಮೆಂಟು ತುಂಬುತ್ತಾರೆ. ಆ ಸಿಮೆಂಟು ಸರಿಯಾಗಿ ಕೂರದಿದ್ದರೆ, ಸಂದು ಬಿಟ್ಟರೆ, ಗ್ಯಾಸು ಪೈಪಿನ ಹೊರಗಿನಿಂದ ಏರಿ ಬಂದು ನೀರಿಗೆ ಸೇರುತ್ತದೆ. ಇಲ್ಲವೇ ಮೇಲೆಯೇ ಕೊಳಕು ನೀರು ಚೆಲ್ಲಿ ಇಂಗುತ್ತದೆ. “ಚೆನ್ನಾಗಿ ಕೆಲಸ ಮಾಡಿದರೆ ಏನೂ ಆಗುವುದಿಲ್ಲ. ಯಾರು ಹೇಗೆ ಮಾಡಿದರೆಂದು ನೆಲದಡಿಗೆ ಇಣುಕಿ ನೋಡುವವರು ಯಾರು?” ಎಂದ. ಎಲ್ಲ ಊರಿನ ಬೋರ್‌ವೆಲ್ ಕಂಟ್ರಾಕ್ಟರುಗಳನ್ನೂ ಬಲ್ಲ ನನಗೆ ಆ ಮಾತು ತಕ್ಷಣ ಅರ್ಥವಾಯಿತು.

ತನ್ನ ಗಾಡಿಯಿಂದ ಪ್ರಯೋಗಾಲಯದ ಪುಟ್ಟ ಗಾಜಿನ ಶೀಶೆಗಳನ್ನು ತಂದು ಕೊಟ್ಟ. ಗ್ಯಾಸು ಅಳೆಯಬೇಕಾದರೆ ಇದರಲ್ಲಿ ಸಾಸಿವೆಯಷ್ಟೂ ಗಾಳಿಗುಳ್ಳೆ ಇರಬಾರದು. ನಾನು ಜೀವಮಾನವೆಲ್ಲ ಬಿಟ್ಟುಕೊಂಡು ಬಂದ ಆ ಒಂದು ಬೆರಳು ಜಾಗವೂ ಇಲ್ಲಿ ತಪ್ಪು. ಜೊತೆಗೊಂದು ಅರ್ಜಿ. ಸಾಫ್ಟ್‌ನರಿಗೆ ಮುಂಚೆಯೋ, ಆಮೇಲೆಯೋ ಎಂದು ಅದರಲ್ಲಿ ಗುರುತು ಹಾಕಿ ಮನೆಯವರು ಸಹಿ ಮಾಡಬೇಕು. ನಾಳೆ ಬೆಳಿಗ್ಗೆ ಬಂದು ಒಯ್ಯುತ್ತೇನೆ, ಗೋಪುರ ಏಳುವ ಮೊದಲೇ ತಲುಪಿಸುತ್ತೇನೆ ಎಂದು ಹೇಳಿ ಬೂಟು ಹಾಕಿಕೊಂಡು ಹೋದ.

“ಆರ್ ಯು ಗೋಯಿಂಗ್ ಟು ಟೆಲ್ ದೆಮ್?” ಎಂದಳು ಅನಘಾ.

ಹೇಳದೆ ಇರಬಹುದಲ್ಲ ಎಂದು ನನಗೆ ಒಂದು ಕ್ಷಣ ಅನ್ನಿಸಿದ್ದು ನಿಜ. ನಿಮ್ಮಿಂದ ಮುಚ್ಚಿಡುವುದೇಕೆ? ಬೀರುವಿನಲ್ಲಿ ನನ್ನ ಸಹಿಯಿದ್ದ ಹಾಳೆಯಿತ್ತು. ಅದರಿಂದ ಒಬ್ಬ ಮನುಷ್ಯ ತಿಂಗಳುಗಳ ನಂತರ ನೆಮ್ಮದಿಯಾಗಿ ನಕ್ಕಿದ್ದ. ನನ್ನ ಮರ್ಯಾದೆಯೂ ಉಳಿಯುತ್ತಿತ್ತು.

ಅದೇ ಸಂಜೆ

ಹೇಳಿದೆ. ಊಟಕ್ಕೆ ಮುಂಚೆಯೇ, ಎಲ್ಲರೂ ಕೂತಿದ್ದಾಗ, ಸುತ್ತಿ ಬಳಸದೆ ಹೇಳಿದೆ. ನಸೀಮಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಸಾಫ್ಟ್‌ನರಿಗೆ ಪ್ರತಿ ತಿಂಗಳೂ ಉಪ್ಪು ಹಾಕುವವಳು ಅವಳೇ. ಆದರೂ ನಾನು ನಲ್ಲಿ ತಿರುಗಿಸುವಾಗ ಅವಳಿಗೂ ಅದು ಹೊಳೆದಿರಲಿಲ್ಲ.

ಇಕ್ಬಾಲ್ ಎದುರಿಗಿದ್ದ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, “ಮೇಡಂ, ನೀವು ಬರ್ದು ಕೊಟ್ಟದ್ದು ಇರ್ಲಿ ಬಿಡ್ರಿ. ನಂಗೆ ಅದು ಸಾಕು,” ಎಂದರು.

“ಇಕ್ಬಾಲ್ ಭಾಯಿ, ಅದು ನಿಮ್ ಬಾವಿ ನೀರಲ್ಲ.”

“ಗೊತ್ತಾಯ್ತು. ಆದ್ರೆ ಈಗ್ಲೇ ಇದ್ರಾಗೆ ಗ್ಯಾಸ್ ಐತಿ ಅಂತ ನಾವೇ ಕೈಯಾರೆ ಬರ್ದು ಕೊಡೋದಾ? ನಾಳೆ ಏನರ ಆದ್ರೆ, ಮೊದ್ಲೇ ಇತ್ತಲ್ಲ ಅಂತ ಅವ್ರು ಕೈ ತೊಳ್ಕಂತಾರೆ. ಈ ಮನಿ ಮಾರ್ಬೇಕಂದ್ರೂ ಯಾರ್ ತಗಂತಾರೆ? ಆ ಮನಿ, ಅಂಗ್ಡಿ ಎಲ್ಲಾ ಮಾರಿ ಇಲ್ಲಿಗ್ ಬರೋವ್ರು ನಾವು. ನೀವು ನಾಡಿದ್ದು ವಿಮಾನ ಹತ್ತೋರು.”

ಆ ಕೊನೆಯ ಮಾತು ನನಗೆ ನಾಟಿತು. ನೀರು ಕುಡಿಯಬೇಕಾದವರು ಅವರು, ನಾನಲ್ಲ. ತಪ್ಪು ಮಾಡಿದವಳು ನಾನು, ಅದರ ಭಾರ ಹೊರಬೇಕಾದವರೂ ಅವರೇ.

ನಸೀಮಾ ಎದ್ದು ಬೀರುವಿನಿಂದ ಹಾಳೆ ತಂದು ಮೇಜಿನ ಮೇಲಿಟ್ಟಳು. “ರೀ, ಇಲ್ಲಿ ಕೇಳ್ರಿ. ಇಷ್ಟೇ ಇತ್ತು ಅಂತ ಬರ್ದಿದ್ರೆ, ಆಮೇಲೆ ಇಷ್ಟ್ಯಾಕಾತು ಅಂತ ಕೇಳಬೌದು. ಏನೂ ಇರ್ಲಿಲ್ಲ ಅಂತ ಸುಳ್ ಬರ್ದಿದ್ರೆ, ಆ ಸಾಫ್ಟ್‌ನರ್ ಎಲ್ಲೈತಿ ತೋರ್ಸು ಅಂತ ಒಬ್ಬ ಕೇಳಿದ್ರೂ ಸಾಕು, ನಾವ್ ಮುಗೀತು. ಮತ್ತೆ ನೀವು ಕುಡಿಯೋ ನೀರು ಏನಂತ ನಂಗೆ ಗೊತ್ತಾಗ್ಬೇಕು. ಕಂಪ್ನಿಗಲ್ಲ, ನಂಗೆ.”

ಹಾಳೆ ಹರಿದದ್ದು ನಾನಲ್ಲ, ಅವಳು. ಇಕ್ಬಾಲ್ ಜಾಕೆಟ್ ಹಾಕಿಕೊಂಡು ಹೊರಗೆ ಹೋಗಿ, ಪೈನ್ ಮರಗಳ ಹತ್ತಿರ ತುಂಬ ಹೊತ್ತು ನಿಂತಿದ್ದರು.

ಭಾನುವಾರ ಬೆಳಿಗ್ಗೆ

ನೆಲಮಾಳಿಗೆಯಲ್ಲಿ ನಸೀಮಾ ಟಾರ್ಚ್ ಹಿಡಿದಳು, ನಾನು ಶೀಶೆ ಹಿಡಿದೆ. ಬಕೆಟ್ಟಿನ ನೀರಿನೊಳಗೆ ಶೀಶೆ ಮುಳುಗಿಸಿ, ಅಲ್ಲೇ ತುಂಬಿ, ಅಲ್ಲೇ ಮುಚ್ಚಳ ತಿರುಗಿಸಬೇಕು. ಮೊದಲನೆಯದರಲ್ಲಿ ಗುಳ್ಳೆ. ಎರಡನೆಯದರಲ್ಲೂ ಗುಳ್ಳೆ. ಚಳಿಗೆ ಬೆರಳು ಮರಗಟ್ಟಿದ್ದವು. “ಪ್ರಾಕ್ಟಿಕಲ್ಸಾಗೆ ನಂಗೆ ಬೈತಿದ್ದೆಲ್ಲ, ಈಗ ನೋಡು,” ಎಂದು ಅವಳು ಕೆಣಕಿದಳು. ಮೂರನೆಯದನ್ನು ತಲೆಕೆಳಗು ಮಾಡಿ ಬೆಳಕಿಗೆ ಹಿಡಿದೆವು. ಗುಳ್ಳೆಯಿರಲಿಲ್ಲ. ಹಾಗೇ ಇನ್ನೆರಡು ತುಂಬಿದೆವು. ಅರ್ಜಿಯಲ್ಲಿ ‘ಸಾಫ್ಟ್‌ನರಿಗೆ ಮುಂಚೆ’ ಎಂಬ ಚೌಕಕ್ಕೆ ಗುರುತು ಹಾಕಿ ನಸೀಮಾ ಸಹಿ ಮಾಡಿದಳು. ಡೇಲ್ ಬಂದು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದ.

ನಾವು ಹೊರಡುವಾಗ ಇಕ್ಬಾಲ್ ನನ್ನ ಚೀಲ ಎತ್ತಿ ಕಾರಿಗಿಟ್ಟರು. ಮಾತು ಮಾತ್ರ ಆಡಲಿಲ್ಲ. ದಾರಿಯುದ್ದಕ್ಕೂ ಅದೇ ನನ್ನ ಎದೆಯ ಮೇಲೆ ಕೂತಿತ್ತು.

ದಾವಣಗೆರೆ

ಫಲಿತಾಂಶ ಬಂದಾಗ ನಾನು ಊರಿಗೆ ಮರಳಿದ್ದೆ. ಗಡಸು ಬೇಕಾದಷ್ಟು, ಕಬ್ಬಿಣ ಬೇಕಾದಷ್ಟು. ಗ್ಯಾಸು ಸ್ವಲ್ಪ ಇತ್ತು. ಹೆದರುವಷ್ಟಲ್ಲ, ಆದರೆ ಗಮನ ಇಟ್ಟಿರಿ ಎಂದು ಬರೆದಿದ್ದರಂತೆ. ಗೋಪುರ ಎದ್ದಿತು. ಕೊರೆದರು. ಆಮೇಲೆ ಮರಳಿನ ಲಾರಿಗಳು ಬಂದವಂತೆ, ನೀರಿನ ಲಾರಿಗಳು ಬಂದವಂತೆ, ಒಂದು ವಾರ ಕಿಟಕಿಯ ಗಾಜು ಗುಂಯ್‌ಗುಡುತ್ತಿತ್ತಂತೆ. ಅಂಗಡಿಯನ್ನು ಅಷ್ಟರಲ್ಲಿ ಮಾರಿಯಾಗಿತ್ತು. ಗಂಡಹೆಂಡಿರು ವಸಂತಕ್ಕೆ ಕಾಯದೆ ಉತ್ತರದ ಮನೆಯಲ್ಲೇ ಇದ್ದರು.

ಕೊರೆಯಲು ಶುರುವಾದ ಮರುದಿನದಿಂದ ನನ್ನ ಫೋನಿಗೆ ದಿನಕ್ಕೊಂದು ಸಂದೇಶ ಬರತೊಡಗಿತು. ನಸೀಮಾಳದಲ್ಲ, ಇಕ್ಬಾಲರದು. ಅವರಿಗೆ ಬೆಳಿಗ್ಗೆ ಏಳು, ನನಗೆ ಸಂಜೆಯ ಕಾಫಿ ಹೊತ್ತು. ಒಂದೇ ಸಾಲು. “ಮೇಡಂ, ಇವತ್ತೂ ಅದೇ ನೀರು.” ನೆಲಮಾಳಿಗೆಯ ನಲ್ಲಿಯಿಂದ ಲೋಟ ತುಂಬಿ, ತಿಳಿಯಾಗುವವರೆಗೆ ನೋಡುತ್ತಾರಂತೆ. ಅದು ಪರೀಕ್ಷೆಯಲ್ಲ, ನಿಜವಾದ ಲೆಕ್ಕಕ್ಕೆ ಮತ್ತೆ ಶೀಶೆ ಕಳಿಸಬೇಕೆಂದು ನಾನು ಬರೆದೆ. ಕಳಿಸ್ತೀನಿ, ಆದ್ರೂ ನೋಡ್ತೀನಿ ಎಂದು ಉತ್ತರ ಬಂತು.

ಮೊನ್ನೆ ಸಂದೇಶ ಬರಲಿಲ್ಲ. ಐದಾಯಿತು, ಆರಾಯಿತು. ಕಾಫಿ ಕುಡಿದ ಲೋಟ ತೊಳೆಯದೆ ಅಲ್ಲೇ ಕೂತಿದ್ದೆ. ಏಳಕ್ಕೆ ತಡೆಯಲಾಗದೆ ಎದ್ದು ನಾನೇ ಫೋನ್ ಮಾಡಿದೆ. ಇಕ್ಬಾಲರೇ ಎತ್ತಿದರು. ನಾನು ಏನೂ ಕೇಳುವ ಮುಂಚೆಯೇ, “ಅಯ್ಯೋ ಮೇಡಂ, ಮರ್ತೇ ಬಿಟ್ಟೆ. ಟೊಮೆಟೊ ಬೀಜ ಹಾಕಾಕೆ ಕುಂಡದಾಗೆ ಮಣ್ ತುಂಬ್ತಿದ್ದೆ,” ಎಂದರು.

ಮರೆತರೆಂದು ನನಗೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. “ಈಗ್ಲೇ ಹೋಗಿ ನೋಡ್ರಿ ಇಕ್ಬಾಲ್ ಭಾಯಿ. ನಾನು ಫೋನ್ ಇಡಲ್ಲ,” ಎಂದೆ.

ಮೆಟ್ಟಿಲಿಳಿಯುವ ಸದ್ದು ಕೇಳಿತು. ನಲ್ಲಿ ಕಿರುಗುಟ್ಟಿತು. ಲೋಟಕ್ಕೆ ನೀರು ಬೀಳುವ ಸದ್ದು, ಆಮೇಲೆ ಏನೂ ಇಲ್ಲ. ಅವರ ಉಸಿರಾಟ ಮಾತ್ರ ಕೇಳುತ್ತಿತ್ತು.

“ಇನ್ನೂ ಬೆಳ್ಳಗೈತಿ,” ಎಂದರು. “ನಿಲ್ರಿ. ತಳದಾಗೆ ಸ್ವಲ್ಪ ತಿಳಿ ಆಗೈತಿ. ನಿಲ್ರಿ ಮೇಡಂ.”

ನಾನು ನಿಂತೇ ಇದ್ದೆ.